ಶೇಕ್‌ದಾರರ ಶನಿವಾರದ ಎಣ್ಣೆಸ್ನಾನ

ಸಾವಿರದ ಒಂಬೈನೂರ ಎಂಟನೆಯ ಇಸವಿಯ ಬೇಸಿಗೆಯಲ್ಲಿ, ಒಂದು ಶನಿವಾರ ಬೆಳಿಗ್ಗೆ, ಮತ್ತೋಡು ಹೋಬಳಿಯ ಶೇಕ್‌ದಾರರಾದ ಪರಮೇಶ್ವರಪ್ಪನವರು ತಲೆಗೆ ಎಣ್ಣೆ ಹಚ್ಚಿಸಿಕೊಂಡರು. ಮೈಸೂರು ಸಂಸ್ಥಾನದ ಆಡಳಿತದ ಚರಿತ್ರೆಯನ್ನು ಮುಂದೆ ಯಾರಾದರೂ ಸಾವಧಾನವಾಗಿ ಬರೆಯುವುದಾದರೆ ಈ ಸಂಗತಿಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕಾದೀತು.

ಶೇಕ್‌ದಾರಿಕೆ ಎಂದರೆ ನಲವತ್ತು ಹಳ್ಳಿಗೆ ಒಂದು ತಟ್ಟು ಕುದುರೆ. ಯಾರ ಬದು ಯಾರು ಒತ್ತಿದರು, ಯಾವ ಕೆರೆಯ ತೂಬು ಸೋರುತ್ತದೆ, ಯಾರ ಎಮ್ಮೆ ಯಾರ ಜೋಳ ಮೇಯಿತು, ಎಲ್ಲಕ್ಕೂ ಪರಮೇಶ್ವರಪ್ಪನವರೇ ಹೋಗಿ ನಿಲ್ಲಬೇಕು. ಊಟದ ನಡುವೆ ಹೊರಗೆ ಯಾರಾದರೂ “ಸ್ವಾಮೀ” ಎಂದರೆ ಸಾಕು, ಬಾಯಿಯವರೆಗೆ ಬಂದ ತುತ್ತು ತಟ್ಟೆಗೆ ವಾಪಸಾಗುತ್ತಿತ್ತು. ಲಿಂಗಪೂಜೆಯೊಂದನ್ನು ಅವರು ಬಿಟ್ಟಿರಲಿಲ್ಲ. ಆದರೆ ಅದೂ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತ ಬಂದು, ಶಿವನಿಗೆ ಒಂದು ಸಲಾಮು ಹೊಡೆದಷ್ಟಕ್ಕೆ ಮುಗಿಯುತ್ತಿತ್ತು.

ಯುಗಾದಿಗೆ ಮೊದಲೇ ಕಣ್ಣುರಿ ಶುರುವಾಯಿತು. ಅಕ್ಷರಗಳು ಜೋಡಿಜೋಡಿಯಾಗಿ ಕಾಣತೊಡಗಿದವು. ನಾಟಿ ವೈದ್ಯ ಎತ್ತಪ್ಪ ಅವರ ರೆಪ್ಪೆ ಎತ್ತಿ ನೋಡಿ, “ಒಳಗೆ ಒಲೆ ಹಚ್ಚಿಕೊಂಡು ಕುಂತೀರಿ ಸ್ವಾಮಿ. ಶನಿವಾರ ಶನಿವಾರ ಹರಳೆಣ್ಣೆ ಹಚ್ಕಂಡು ಬಿಸ್ನೀರು ಹುಯ್ಕಳ್ರಿ, ಮಧ್ಯಾಹ್ನದ ತಂಕ ಮಲಿಕ್ಕಳ್ರಿ. ಇಲ್ದಿದ್ರೆ ದಸರಾ ಹೊತ್ತಿಗೆ ಕಾಗದ ಯಾವ್ದು, ರೊಟ್ಟಿ ಯಾವ್ದು ಅಂತ ಮುಟ್ಟಿ ನೋಡ್ಬೇಕಾತದೆ” ಎಂದ.

ಅದನ್ನು ಕೇಳಿದ ಮೇಲೂ ಏಳು ಶನಿವಾರ ಕಳೆದವು. ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ, ಶೇಕ್‌ದಾರಿಕೆಗಿಂತ ಒಂದು ಮೆಟ್ಟಿಲು ಮೇಲಿನ ಪೇಷ್ಕಾರರ ಜಾಗ ಖಾಲಿಯಾಗುವುದಿತ್ತು. ತಾಲ್ಲೂಕಿಗೆ ದೊಡ್ಡವರಾದ ಅಮಲ್ದಾರ ಗೋವಿಂದಪ್ಪನವರು ಯಾರ ಹೆಸರು ಬರೆದು ಕಳಿಸುತ್ತಾರೋ ಅವರಿಗೆ ಅದು. ಕರೆದಾಗ ಇಲ್ಲದವನ ಹೆಸರು ಯಾರು ಬರೆದಾರು ಎಂಬುದು ಪರಮೇಶ್ವರಪ್ಪನವರ ಲೆಕ್ಕ.

ಎಂಟನೆಯ ಶನಿವಾರ ಅವರ ಹೆಂಡತಿ ಮಹಾದೇವಮ್ಮ ಕೇಳಲಿಲ್ಲ. ಗಂಡನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಒಂದು ಬಟ್ಟಲು ಹರಳೆಣ್ಣೆ ತಟ್ಟಿದರು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಎಣ್ಣೆ ಇಳಿಯಲು ಒಂದು ಗಂಟೆ ಕೂರಬೇಕಿತ್ತು. ಕಾಲು ಗಂಟೆಗೆ ತಳವಾರ ಕಾಟಪ್ಪ ಬಾಗಿಲಲ್ಲಿ ನಿಂತ.

“ಬುದ್ಧೀ, ಅಮಲ್ದಾರ್ರು ಬರ್ತಾ ಅವ್ರೆ. ಹೊಸದುರ್ಗ ಬಿಟ್ಟು ಆಗ್ಲೇ ಹೊತ್ತಾತಂತೆ.”

“ಕೆರೆ ನೋಡಾಕೆ ಸೋಮವಾರ ಬರ್ತೀನಿ ಅಂದಿದ್ರಲ್ಲೋ!”

“ನಂಗೇನು ಗೊತ್ತು ಬುದ್ಧಿ. ಕುದ್ರೆ ಇವತ್ತೇ ಹೊಂಟೈತೆ.”

ಹೋಬಳಿಯ ಎಲ್ಲೆಕಲ್ಲಿನ ಹತ್ತಿರ ನಿಂತು ಅಮಲ್ದಾರರನ್ನು ಎದುರುಗೊಳ್ಳುವುದು ಶೇಕ್‌ದಾರರ ಪದ್ಧತಿ. ಪರಮೇಶ್ವರಪ್ಪನವರು ಎದ್ದು ಕೋಟು ಹುಡುಕಿದರು.

“ಹೊಸ್ತಿಲು ದಾಟ್‌ಬ್ಯಾಡ್ರಿ” ಎಂದರು ಮಹಾದೇವಮ್ಮ. “ಎಣ್ಣೆತಲೆ ಎದುರಿಗೆ ಬಂದ್ರೆ ಹೊಂಟೋರ ಕೆಲಸ ಕೆಡ್ತೈತೆ ಅಂತ ಹಸುಗೂಸಿಗೂ ಗೊತ್ತು.”

“ನಾನು ಹೋಗ್ದಿದ್ರೆ ನನ್ನ ಕೆಲಸ ಕೆಡ್ತೈತೆ. ಮೇಲೆ ರುಮಾಲು ಸುತ್ಕಂತೀನಿ, ಯಾರಿಗೆ ಕಾಣ್ತೈತೆ?”

ರುಮಾಲು ಸುತ್ತಿದರು, ಕುದುರೆ ಹತ್ತಿದರು. ಆದರೆ ಹರಳೆಣ್ಣೆಗೆ ಸರ್ಕಾರಿ ರುಮಾಲಿನ ಬಗ್ಗೆ ಯಾವ ಗೌರವವೂ ಇಲ್ಲ. ಊರಬಾಗಿಲು ದಾಟುವುದರೊಳಗೆ ಅದು ಹಣೆಗಿಳಿಯಿತು, ಹುಬ್ಬಿಗಿಳಿಯಿತು, ಮೂಗಿನ ತುದಿಯಲ್ಲಿ ನಿಂತು ಬಿಸಿಲಿಗೆ ಹೊಳೆಯಿತು.

ಮೊದಲು ಸಿಕ್ಕವನು ದೊಡ್ಡತಿಮ್ಮಪ್ಪ. ಮಗನಿಗೆ ಹೆಣ್ಣು ನೋಡಲು ಎರಡು ಗಾಡಿ ಕಟ್ಟಿಕೊಂಡು, ಏಳು ಜನ ನೆಂಟರೊಡನೆ ಜವನಗೊಂಡನಹಳ್ಳಿಗೆ ಹೊರಟಿದ್ದ. ಶೇಕ್‌ದಾರರ ಮುಖ ಕಂಡದ್ದೇ ಹಗ್ಗ ಜಗ್ಗಿದ.

“ಅಯ್ಯೋ ಸ್ವಾಮೇರೇ! ಇದೇನ್ರಿ ಇದು?”

“ಬೆವರು ಕಣಯ್ಯ.”

“ಬೆವರಿಗೆ ಹರಳೆಣ್ಣೆ ವಾಸನೆ ಎಲ್ಲಿಂದ ಬತ್ತೈತೆ ಸ್ವಾಮಿ?” ಎಂದಳು ಗಾಡಿಯೊಳಗಿಂದ ಅವನ ಅಕ್ಕ ನಿಂಗಕ್ಕ. “ತಿರುಗಿಸ್ಲೇ ತಿಮ್ಮ. ಹಿಂಗೇ ಹೋದ್ರೆ ಕುಂಟಿ ಗಂಟು ಬೀಳ್ತಾಳೆ.”

ಶಕುನ ಕೆಟ್ಟರೆ ಮನೆಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಎರಡೂ ಗಾಡಿಗಳು ತಿರುಗಿದವು.

ಎಲ್ಲೆಕಲ್ಲಿನ ಹತ್ತಿರ ಅಮಲ್ದಾರರು ಕುದುರೆಯ ಮೇಲೆ ಬಂದರು. ಗೋವಿಂದಪ್ಪನವರು ಮದರಾಸಿನಲ್ಲಿ ಬಿ.ಎ. ಮಾಡಿದವರು. ಶಕುನ ನಂಬುವ ಜನ ಏಳಿಗೆ ಹೊಂದುವುದಿಲ್ಲ ಎಂದು ಹೊಸದುರ್ಗದಲ್ಲಿ ಒಂದು ಗಂಟೆ ಭಾಷಣ ಮಾಡಿದ್ದರು. ಅವರು ಪರಮೇಶ್ವರಪ್ಪನವರ ಮೂಗನ್ನು ಸ್ವಲ್ಪ ಹೊತ್ತು ನೋಡಿದರು.

“ಏನ್ರೀ ಇದು?”

“ಎಣ್ಣೆ, ಸ್ವಾಮಿ.” ಅಮಲ್ದಾರರಿಗೆ ಬೆವರೆಂದು ಹೇಳುವ ಧೈರ್ಯ ಅವರಿಗಿರಲಿಲ್ಲ.

“ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ.”

“ಗೊತ್ತು ಸ್ವಾಮಿ.”

“ಆದರೆ ಕೆರೆಯ ನಕ್ಷೆ ಕಚೇರಿಯಲ್ಲೇ ಉಳಿದುಬಿಟ್ಟಿದೆ. ಈಗ ಜ್ಞಾಪಕವಾಯಿತು” ಎಂದು ಗೋವಿಂದಪ್ಪನವರು ಕುದುರೆಯನ್ನು ತಿರುಗಿಸಿದರು. ನಕ್ಷೆಯ ಸುರುಳಿ ಹಿಂದೆ ಜವಾನನ ಕಂಕುಳಲ್ಲಿತ್ತು. ಜವಾನ ಅದನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡ.

ಪರಮೇಶ್ವರಪ್ಪನವರು ಹಿಂದಿರುಗುವಾಗ ದೊಡ್ಡತಿಮ್ಮಪ್ಪನ ಗಾಡಿಗಳು, ನೀರು ಕುಡಿದಾಗಿ, ಎರಡನೆಯ ಸಲ ಊರಬಾಗಿಲು ದಾಟುತ್ತಿದ್ದವು. ಈ ಸಲ ದೊಡ್ಡತಿಮ್ಮಪ್ಪ ಅವರನ್ನು ಕಂಡದ್ದೇ ಗಾಡಿ ತಿರುಗಿಸಿದ. ನಿಂಗಕ್ಕ ಅದಕ್ಕೂ ಕಾಯದೆ ಗಾಡಿಯಿಂದಿಳಿದು ನಡೆದೇ ಮನೆಗೆ ಹೋದಳು.

ಸಂಜೆ ಊರಿನ ಐದಾರು ಜನ ಶೇಕ್‌ದಾರರ ಜಗುಲಿಗೆ ಬಂದರು. ಶೇಕ್‌ದಾರರ ಮುಂದೆ ಆಡುವ ಮಾತಲ್ಲವಾದ್ದರಿಂದ ಮಹಾದೇವಮ್ಮನವರನ್ನೇ ಕರೆದರು.

“ಅವ್ವಾ, ತಪ್ಪು ತಿಳ್ಕಬ್ಯಾಡ್ರಿ” ಎಂದ ದೊಡ್ಡತಿಮ್ಮಪ್ಪ. “ಶನಿವಾರ ಮಧ್ಯಾಹ್ನದ ತಂಕ ಸ್ವಾಮೇರ್ನ ಒಳಗೇ ಇಟ್ಕಳ್ರಿ. ನಮಗೂ ಮಕ್ಕಳು ಮರಿ ಅವೆ.”

“ನಾನೇನು ಆಚೆ ದಬ್ತೀನಾ? ಕರೆಯೋರು ನೀವೇ. ಮೊನ್ನೆ ಎಮ್ಮೆ ಪಂಚಾತಿಗೆ ಎಬ್ಬಿಸ್ಕಂಡು ಹೋದೋರು ಯಾರು?”

“ನಾನೇ ಅವ್ವಾ. ಇನ್ನು ಎಮ್ಮೆ ಸತ್ರೂ ಕರೆಯಲ್ಲ.”

“ಬೆಂಕಿ ಬಿದ್ರೆ?”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ನಾವೇ ಆರಿಸ್ಕಂತೀವಿ.”

ಮುಂದಿನ ವಾರ ತಾಲ್ಲೂಕು ಕಚೇರಿಯಿಂದಲೂ ಒಂದು ಹುಕುಂ ಬಂತು. ಮತ್ತೋಡು ಹೋಬಳಿಯ ತನಿಖೆಯನ್ನು ಶನಿವಾರ ಇಟ್ಟುಕೊಳ್ಳತಕ್ಕದ್ದಲ್ಲ ಎಂದಿತ್ತು. ಕಾರಣ ಬರೆದಿರಲಿಲ್ಲ.

ಆ ಶನಿವಾರ ಪರಮೇಶ್ವರಪ್ಪನವರು ಎಣ್ಣೆ ಹಚ್ಚಿಕೊಂಡು ಪೂರಾ ಒಂದು ಗಂಟೆ ಕೂತರು. ಯಾರೂ ಬರಲಿಲ್ಲ. ಅರ್ಧ ಗಂಟೆಗೆ ಕತ್ತು ಬಾಗಿಲ ಕಡೆ ತಿರುಗಿತು. ಮುಕ್ಕಾಲು ಗಂಟೆಗೆ ಅವರೇ ಕೂಗಿದರು.

“ಕಾಟಪ್ಪಾ, ಯಾರಾದ್ರೂ ಬಂದಿದ್ರೇನೋ?”

“ಇಲ್ಲ ಬುದ್ಧಿ.”

“ಬದುವಿನ ತಕರಾರು ಒಂದಿತ್ತಲ್ಲ?”

“ಅವ್ರೇ ಕುಂತು ಬಗೆಹರಿಸ್ಕಂಡ್ರಂತೆ ಬುದ್ಧಿ.”

ಕಣ್ಣುರಿಗಿಂತ ಈ ಸುದ್ದಿ ಅವರಿಗೆ ಹೆಚ್ಚು ಉರಿಯಿತು. ಇಪ್ಪತ್ತು ವರ್ಷ ತಾವಿಲ್ಲದೆ ಬದು ನಿಲ್ಲದು, ತೂಬು ಕೂರದು ಎಂದುಕೊಂಡಿದ್ದವರು. ಮಹಾದೇವಮ್ಮ ಬಿಸಿನೀರು ಹೊಯ್ಯುತ್ತ, “ಹೋಬಳಿ ಇದ್ದಲ್ಲೇ ಐತೆ, ಎಲ್ಲೂ ಓಡಿಹೋಗಿಲ್ಲ. ಕಣ್ಣು ಮುಚ್ಕಳ್ರಿ, ಸೀಗೇಪುಡಿ ಬೀಳ್ತೈತೆ” ಎಂದರು. ಅವರು ಮುಚ್ಚಿಕೊಂಡರು. ಸ್ನಾನವಾದ ಮೇಲೆ ಮಲಗಿದವರು ಮೂರು ಗಂಟೆ ಎಚ್ಚರವಾಗಲಿಲ್ಲ.

ಪೇಷ್ಕಾರರ ಜಾಗಕ್ಕೆ ಹಿರಿಯೂರಿನಿಂದ ಬೇರೊಬ್ಬರು ಬಂದರು. ಪರಮೇಶ್ವರಪ್ಪನವರ ಕಣ್ಣುರಿ ಕಾರಹುಣ್ಣಿಮೆಯ ಹೊತ್ತಿಗೆ ನಿಂತಿತು.