ಐದನೆಯ ಮನೆ

ನಾಲ್ಕು ಮನೆಗಳ ಅನ್ನ ಆಗಲೇ ಜೋಳಿಗೆಗೆ ಬಿದ್ದಿತ್ತು. ಐದನೆಯದಕ್ಕೆಂದು ಸಂಜುಕುಮಾರ ಬೇಕಂತಲೇ ಈ ಓಣಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದ. ಗಾಣಗಾಪುರದ ಬಿಸಿಲೆಂದರೆ ಕೇಳಬೇಕೇ! ಹಾಸುಗಲ್ಲು ಬರಿಗಾಲಿಗೆ ಚುರ್ ಎನ್ನುತ್ತಿತ್ತು. ಅವನ ಮುಂದೆ ಸೊಲ್ಲಾಪುರದ ಕಡೆಯ ನಾಲ್ಕೈದು ಹೆಂಗಸರು, ಅವರ ಮುಂದೆ ಕಾರಿನಿಂದ ಇಳಿದು ಬಂದ ಒಬ್ಬ ಸಾಹುಕಾರ. ಬೆರಳಿಗೆಲ್ಲ ಉಂಗುರ, ಕೈಯಲ್ಲಿ ಭಿಕ್ಷೆಯ ತಾಟು. ಈ ಊರಿನಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ದತ್ತ ಮಹಾರಾಜರು ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಹಾಗಾಗಿ ಬಂದ ಭಕ್ತರು ಬಡವ ಬಲ್ಲಿದ ಎನ್ನದೆ ಐದು ಮನೆ ಮಧುಕರಿ ಬೇಡಬೇಕು, ಮನೆಯವರು ಯಾರು, ಎಲ್ಲಿಯವರು ಎಂದು ಕೇಳದೆ ನೀಡಬೇಕು. ಮುಂದೆ ನಿಂತವನೇ ಮಹಾರಾಜನಾಗಿದ್ದರೆ?

ಆ ಕೇಳದಿರುವ ರೂಢಿಯೇ ಸಂಜುವಿಗೆ ಇವತ್ತು ಬೇಕಾಗಿತ್ತು.

ಅವನು ವಾಯುಸೇನೆಯ ಒಂದು ಹೆಲಿಕಾಪ್ಟರ್ ಪಡೆಯಲ್ಲಿ ಫ್ಲೈಟ್ ಇಂಜಿನಿಯರ್. ಮಿಲಿಂದನೂ ಅದೇ ಪಡೆ, ಅದೇ ಕೆಲಸ. ಇಬ್ಬರೂ ಒಂದೇ ತಾಲೂಕಿನವರು. ಸಂಜು ಅತನೂರಿನ ಒಕ್ಕಲು ಮನೆಯವನು, ಮಿಲಿಂದ ಈ ಗಾಣಗಾಪುರದ ಪೂಜಾರಿಗಳ ಮನೆಯವನು. ದೂರದ ಗಡಿಯಲ್ಲಿ ತಮ್ಮ ಕಡೆಯ ಕನ್ನಡ ಆಡುವ ಒಬ್ಬನೇ ಒಬ್ಬ ಸಿಕ್ಕರೆ ಅವನು ಗೆಳೆಯನಾಗದೆ ಇನ್ನೇನಾದಾನು? ಯುದ್ಧ ನಡೆದಿದ್ದಾಗ ಗಾಯಾಳುಗಳನ್ನು ತರಲು ಗುಡ್ಡದ ಮೇಲಿನ ಠಾಣೆಗೆ ಹೋದ ಹೆಲಿಕಾಪ್ಟರೊಂದು ತಿರುಗಿ ಬರಲಿಲ್ಲ. ಅದರಲ್ಲಿದ್ದವರಲ್ಲಿ ಮಿಲಿಂದನೂ ಒಬ್ಬ. ಯುದ್ಧ ನಿಂತಿತು, ಚಳಿಗಾಲ ಹೋಯಿತು, ಆದರೂ ಮನೆಗೆ ಬಂದದ್ದು 'ಕಾಣೆಯಾಗಿದ್ದಾರೆ' ಎಂಬ ಒಂದೇ ಮಾತು. ಮೊನ್ನೆ ಹಿಮ ಕರಗಿದ ಮೇಲೆ ಕಣಿವೆಯ ತಳದಲ್ಲಿ ಎಲ್ಲ ಸಿಕ್ಕಿತು. ಏನು ಸಿಕ್ಕಿತು, ಎಷ್ಟು ಸಿಕ್ಕಿತು ಎಂಬುದನ್ನು ಇಲ್ಲಿ ಹೇಳುವುದು ಬೇಡ.

"ಅಧಿಕಾರಿಗಳು ಸಂಜೆ ಅವರ ಮನೆಗೆ ಬರುತ್ತಾರೆ. ನೀನು ಅಲ್ಲಿಯವನು, ಮೊದಲೇ ಹೋಗಿ ಆ ತಾಯಿಗೆ ನಿನ್ನ ಭಾಷೆಯಲ್ಲಿ ಹೇಳಿ, ಪಕ್ಕದಲ್ಲಿ ಇರು" ಎಂದು ದೊಡ್ಡ ಸಾಹೇಬರು ಅವನನ್ನು ಕಳಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು, ಪಾಪ. ತಾವು ಯಾರನ್ನು ಕಳಿಸುತ್ತಿದ್ದೇವೆಂದು ಅವರಿಗೇನು ಗೊತ್ತು!

ಬೆಳಗಿನ ಬಸ್ಸಿಗೇ ಬಂದಿಳಿದಿದ್ದ. ಓಣಿಯ ಬಾಯಿಯ ತನಕ ಹೋಗುವುದು, ತಿರುಗಿ ಬರುವುದು, ಚಹಾ ಕುಡಿಯುವುದು, ಮತ್ತೆ ಹೋಗುವುದು. ಕದ ತಟ್ಟಿದರೆ ಮಿಲಿಂದನ ತಾಯಿ 'ಯಾರು?' ಎನ್ನುತ್ತಾರೆ. ಅದಕ್ಕೆ ಉತ್ತರ ಕೊಡುವ ನಾಲಿಗೆ ಅವನ ಬಾಯಲ್ಲಿರಲಿಲ್ಲ. ಅಷ್ಟರಲ್ಲಿ ಮಧುಕರಿಯ ಹೊತ್ತಾಯಿತು, ಜನ ಜೋಳಿಗೆ ಹಿಡಿದು ಹೊರಟರು. ಇವನೂ ಒಂದು ಅಂಗಡಿಯಲ್ಲಿ ಕಾವಿ ಜೋಳಿಗೆ ಕೊಂಡು ಹೆಗಲಿಗೆ ಹಾಕಿಕೊಂಡ. ಒಮ್ಮೆ ಅವರ ಮುಖ ನೋಡಿದರೆ ಸಾಕು, ಆಮೇಲೆ ಧೈರ್ಯ ಬಂದೀತು ಎಂದುಕೊಂಡ. ಹೇಡಿಗೆ ನೆಪಗಳು ಕಡಿಮೆಯೇ?

ಸಾಲು ಮುಂದೆ ಸರಿಯಿತು. ಎದುರು ಮನೆಯ ಕಟ್ಟೆಯ ಮೇಲೆ ಕೂತ ಮುದುಕಿಯೊಬ್ಬಳು ಸೊಲ್ಲಾಪುರದ ಹೆಂಗಸರಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು.

"ಈ ಮನಿ ಮಗಾ ಮಿಲಟ್ರಿ ವಿಮಾನದಾಗ ಹೋದಾಂವ ತಿರುಗಿ ಬಂದಿಲ್ರಿ. ಊರಾಗ ಎಲ್ಲಾರೂ ಅಂದ್ರು, ಇನ್ನ ಆಶಾ ಬಿಡ್ರಿ, ಕರ್ಮಾ ಮಾಡ್ರಿ ಅಂತ. ಗಂಡನೂ ಅಂದ. ಈಕಿ ಕೇಳವಲ್ಲಳು. ಸೂತಕ ಹಿಡಿದ್ರ ಭಿಕ್ಷಾ ನಿಲ್ಲಸಬೇಕಾಗ್ತದಲ್ರಿ, ನನ್ನ ಮಗಾ ಬರೂತನಕ ನನ್ನ ಕೈ ನಿಲ್ಲಂಗಿಲ್ಲ ಅಂತಾಳ. ಮೊದಲಿನಕಿಂತ ಎರಡು ಪಟ್ಟು ಅನ್ನಾ ಮಾಡ್ಲಿಕ್ಕತ್ಯಾಳ ಈಗ."

ಸೂತಕದ ಮನೆಯಿಂದ ಭಿಕ್ಷೆ ಹೊರಡಬಾರದು, ತೆಗೆದುಕೊಂಡವನಿಗೂ ದೋಷ. ಈ ಮನೆಗೆ ಸೂತಕ ಬಂದದ್ದು ಈ ಓಣಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅವನು ಸುಮ್ಮನಿದ್ದಷ್ಟು ಹೊತ್ತು ಆ ತಾಯಿ ನೀಡುತ್ತಲೇ ಇರುತ್ತಾರೆ, ಜನ ಕಣ್ಣಿಗೊತ್ತಿಕೊಂಡು ತಿನ್ನುತ್ತಲೇ ಇರುತ್ತಾರೆ. ಹೊರಟು ಬಿಡಲೇ ಎಂದು ತಿರುಗುವಷ್ಟರಲ್ಲಿ ಅವನ ಪಾಳಿ ಬಂದೇ ಬಿಟ್ಟಿತು.

"ಓಂ ಭವತಿ ಭಿಕ್ಷಾಂ ದೇಹಿ" ಎಂದ.

ಸರಸ್ವತಿಬಾಯಿ ಹೊಸ್ತಿಲೊಳಗೆ ನಿಂತಿದ್ದರು. ಹಣೆಗೆ ಕಾಸಗಲ ಕುಂಕುಮ, ಬೆವರಿಗೆ ಅಂಟಿದ ನರೆಗೂದಲು. ಒಮ್ಮೆ ರಜೆಯಲ್ಲಿ ಮಿಲಿಂದನ ಜೊತೆ ಬಂದು ಇದೇ ಮನೆಯಲ್ಲಿ ಸಂಜು ಹೊಟ್ಟೆ ಬಿರಿಯುವಂತೆ ಹೋಳಿಗೆ ಉಂಡಿದ್ದ. ಆಗಿನ ಸರಸ್ವತಿಬಾಯಿಯಲ್ಲಿ ಈಗ ಉಳಿದದ್ದು ಅರ್ಧ. ಅವರು ಚಪಾತಿಯೊಳಗೆ ಪಲ್ಯ ಸುತ್ತಿ ಜೋಳಿಗೆಗೆ ಹಾಕಿದರು, ಒಂದು ಸೌಟು ಅನ್ನ ಹಾಕಿದರು. ಅವನು ತಲೆ ಎತ್ತಲಿಲ್ಲ. ಅವರ ಕೈ ಮಾತ್ರ ಅಲ್ಲೇ ನಿಂತಿತು.

"ಐದು ಮನಿ ಆದ್ವೇನು?"

"ಆದ್ವ್ರಿ."

"ಆದ್ರ ಒಳಗ ಬಾ, ಸಂಜೂ."

ನಡುಮನೆ ತಂಪಾಗಿತ್ತು. ಗಂಡ ವಿಠ್ಠಲಭಟ್ಟರು ಇನ್ನೂ ಗುಡಿಯಲ್ಲಿದ್ದರು. ಸರಸ್ವತಿಬಾಯಿ ಒಂದು ತಂಬಿಗೆ ನೀರು ತಂದಿಟ್ಟು, ಎದುರಿಗೆ ಕಂಬಕ್ಕೆ ಒರಗಿ ಕೂತರು. ಅವನು ಜೋಳಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ಕೂತ.

"ಜೋಳಿಗಿ ಹಾಕ್ಕೊಂಡು ಬರೂದೇನಿತ್ತಪಾ? ಕದಾ ಬಡದಿದ್ರ ತೆಗೀತಿದ್ದಿಲ್ಲೇನು ನಾನು?"

"ಧೈರ್ಯ ಆಗ್ಲಿಲ್ರಿ, ಆಯಿ." ಮಿಲಿಂದ ಕರೆಯುವಂತೆ ಅವನೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದ.

"ಆಗೂದಾದ್ರೂ ಹ್ಯಾಂಗ? ಖರೇ ಹೇಳ್ತೀನಿ, ನಿನಗ ಬಾಯಿ ತುಂಬ ಬೈದೀನಿ ನಾನು. ಹಾರೂ ಮುಂದ ಅವ ನನಗ ಫೋನ್ ಮಾಡಿದ್ದ. 'ಆಯೀ, ಇವತ್ತ ಸಂಜೂನ ಪಾಳಿ, ಅವ ಊರಿಂದ ಇನ್ನೂ ಬಂದಿಲ್ಲ, ಅವನ ಬದಲಿ ನಾ ಹೊಂಟೀನಿ' ಅಂದ. ಆಮ್ಯಾಲ ಹಿಂಗಾತು. ಒಲಿ ಮುಂದ ಕೂತು ಬೈದೀನಿ, ದೇವರ ಮುಂದ ಕೂತು ಬೈದೀನಿ. ಅವನ ಮಗಳ ಜವಳಕ್ಕ ನನ್ನ ಮಗಾ ಹೋಗಬೇಕಾಗಿತ್ತೇನು ಅಂತ."

ಇನ್ನಷ್ಟು ಬೈಯಲಿ, ಎದ್ದು ಬಂದು ನಾಲ್ಕು ಬಿಗಿಯಲಿ ಎಂದು ಸಂಜುವಿನ ಜೀವ ಹಾತೊರೆಯುತ್ತಿತ್ತು. ಆದರೆ ಸರಸ್ವತಿಬಾಯಿಯ ದನಿ ಇಳಿಯಿತು.

"ಒಂದಿನ ಅವನ ಮಾತ ಪೂರಾ ನೆನಪಾತು ನೋಡು. 'ಅತನೂರಾಗ ರೇಂಜ್ ಸಿಗಂಗಿಲ್ಲ ಆಯಿ, ಪಾಪ, ಅವಗ ಸುದ್ದಿ ಹೊತ್ತಿಗೆ ಮುಟ್ಟಿಲ್ಲ, ನೀ ಅವಗ ಬೈಬ್ಯಾಡ' ಅಂದಿದ್ದ. ನನ್ನ ಸ್ವಭಾವ ಅವಗ ಗೊತ್ತಲ್ಲ. ಅವತ್ತಿಂದ ಬೈಯೂದು ಬಿಟ್ಟೆ. ಸುದ್ದಿ ಹೊತ್ತಿಗೆ ಮುಟ್ಟದಾಂವ ಏನ್ ಮಾಡ್ಯಾನು? ನಿಂದೇನೂ ತಪ್ಪಿಲ್ಲಪಾ. ಮನಸಿಗೆ ಹಚ್ಕೋಬ್ಯಾಡ."

ಬೈಗುಳಕ್ಕಲ್ಲ, ಇದೇ ಮಾತಿಗೆ ಅವನು ಹೆದರಿದ್ದು.

ಅತನೂರಿನಲ್ಲಿ ಸಂಜುವಿನ ಮನೆಯ ಅಂಗಳದಲ್ಲಿ ಅವತ್ತು ಜವಳಕ್ಕೆ ಚಪ್ಪರ ಹಾಕಿದ್ದರು. ಮಗಳು ಸೋದರಮಾವನ ತೊಡೆಯ ಮೇಲೆ ಕೂತು ಕಿರಿಚುತ್ತಿದ್ದಳು, ಹಡಪದ ಧರ್ಮಣ್ಣ ಅವಳ ತಲೆ ಅರ್ಧ ಬೋಳಿಸಿದ್ದ, ಹೆಂಡತಿ ಸುನಿತಾ ಉದುರಿದ ಕೂದಲನ್ನು ಉಡಿಯಲ್ಲಿ ಹಿಡಿಯುತ್ತಿದ್ದಳು. ಆಗ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದ. ಪಡೆಯ ಕಚೇರಿಯ ನಂಬರು. ಹಿಂದಿನ ರಾತ್ರಿಯೇ ಟೀವಿಯಲ್ಲಿ ಯುದ್ಧದ ಸುದ್ದಿ ನೋಡಿದ್ದ. ಯಾಕೆ ಕರೆಯುತ್ತಿದ್ದಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಅವನ ತಾಯಿ ಸುಂದರಬಾಯಿ ಅವನ ಮುಖ ನೋಡಿಯೇ ತಿಳಿದುಕೊಂಡಳು. "ಕೂಸಿನ ತಲಿ ಅರ್ಧಾ ಆಗೇತಿ, ಹಂಗ ಬಿಟ್ಟು ಏಳ್ತಿ ಏನ್ಲೇ? ಅರ್ಧಕ್ಕ ಬಿಟ್ರ ಕೂಸಿಗಿ ಛಲೋ ಅಲ್ಲ. ಇಡು ಅದನ್ನ ಒಳಗ" ಎಂದಳು. ಅವನು ಇಟ್ಟ. ತಲೆ ಪೂರ್ತಿಯಾಯಿತು, ಕೂಸಿಗೆ ಎಣ್ಣೆ ನೀರಾಯಿತು, ಊಟವಾಯಿತು. ಆಗಲಾದರೂ ತೆಗೆದನೇ? ಮತ್ತೆ ಬಡಿದುಕೊಂಡಿತು, ಬಂದ್ ಮಾಡಿ ಕಾಟಿನ ಗಾದಿಯ ಕೆಳಗೆ ಸರಿಸಿದ. ಒಂದೇ ಒಂದು ದಿನ, ಬೋಳುತಲೆಯ ಮಗಳನ್ನು ಎದೆಯ ಮೇಲೆ ಮಲಗಿಸಿಕೊಳ್ಳುವ ಒಂದು ದಿನ ಅವನಿಗೆ ಬೇಕಾಗಿತ್ತು. ಮರುದಿನ ಬೆಳಿಗ್ಗೆ ತಾನೇ ಫೋನು ಮಾಡಿ, ಹಳ್ಳಿಯಲ್ಲಿ ರೇಂಜ್ ಇರಲಿಲ್ಲ ಸರ್ ಎಂದ. ಅಂದೇ ಹೊರಟು ಪಡೆ ಮುಟ್ಟಿದಾಗ, ಮಿಲಿಂದ ಹೋದ ಹೆಲಿಕಾಪ್ಟರಿಗಾಗಿ ಎಲ್ಲರೂ ಆಕಾಶ ನೋಡುತ್ತ ನಿಂತಿದ್ದರು.

ಅದೇ ಸುಳ್ಳನ್ನು ಮಿಲಿಂದ ಸತ್ಯವೆಂದು ನಂಬಿ, ತಾಯಿಗೆ ಹೇಳಿ ಹೋಗಿದ್ದ. ಈಗ ತಾಯಿ ಅದನ್ನೇ ಹಿಡಿದು ಇವನ ತಪ್ಪು ಒರೆಸುತ್ತಿದ್ದಾರೆ. ಹೂಂ ಎಂದರೆ ಸಾಕು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಕೇಳುವವರಿರಲಿಲ್ಲ.

"ರೇಂಜ್ ಇತ್ರಿ, ಆಯಿ" ಎಂದ ಸಂಜು.

ಅವರಿಗೆ ತಿಳಿಯಲಿಲ್ಲ. "ಏನು?"

"ನಮ್ಮೂರಾಗ ರೇಂಜ್ ಇತ್ತು. ಫೋನ್ ಬಂದಿತ್ರಿ. ನಾ ನೋಡಿದ್ನಿ. ನೋಡಿ ಎತ್ತಲಿಲ್ಲ. ಬಂದ್ ಮಾಡಿ ಗಾದಿ ಬುಡಕ ಇಟ್ನಿ. ಅವತ್ತ ಹೊಂಟಿದ್ರ ನಾ ಹೊತ್ತಿಗಿ ಮುಟ್ತಿದ್ನಿ, ಆ ಹೆಲಿಕಾಪ್ಟರಿನ್ಯಾಗ ನಾ ಇರ್ತಿದ್ನಿ. ರೇಂಜ್ ಇರಲಿಲ್ಲ ಅಂತ ಸುಳ್ಳು ಹೇಳಿದಾಂವ ನಾನು. ಮಿಲಿಂದ ಅದನ್ನ ಖರೇ ಅಂತ ತಿಳದ."

ಹೊರಗೆ ಓಣಿಯಲ್ಲಿ ಯಾರೋ ದತ್ತನ ಜಯಕಾರ ಹಾಕಿ ಹೋದರು. ಸರಸ್ವತಿಬಾಯಿ ಅವನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಮೊದಲು ಸಿಟ್ಟು ಹತ್ತಿತು. ಅವನು ಅದಕ್ಕೆ ತಲೆಯೊಡ್ಡಿ ಕೂತ. ಆದರೆ ಅದು ಬಾಯಿಗೆ ಬರುವ ಮುಂಚೆಯೇ ಎಲ್ಲೋ ಒಳಗೆ ಇಳಿದುಹೋಯಿತು. ಅವರು ಕಂಬ ಬಿಟ್ಟು ನೆಟ್ಟಗೆ ಕೂತರು.

"ಇದನ್ನ ಈಗ್ಯಾಕ ಹೇಳಿದಿ ನನಗ?"

ಅವನು ಜೋಳಿಗೆಯ ಬಾಯಿಯನ್ನು ಮಡಿಚಿ ಬಿಗಿಹಿಡಿದ.

"ಇಷ್ಟು ದಿನಾ ಹೇಳದಾಂವ ಇವತ್ತ ಇಲ್ಲಿತನಕ ಬಂದು ಯಾಕ ಹೇಳಿದಿ? ಅವ ತಿರುಗಿ ಬರಾಂವಿದ್ರ ಇದನ್ನ ನೀ ನನಗ ಹೇಳ್ತಿದ್ದಿಲ್ಲ, ಸಂಜೂ." ಅವರ ದನಿ ನಡುಗಲಿಲ್ಲ. "ಸಿಕ್ಕಾನೇನು?"

ಸಂಜು ಹೌದೆಂದು ತಲೆ ಆಡಿಸಿದ. ಕಣ್ಣೀರು ಜೋಳಿಗೆಯ ಮೇಲೆ ಟಪಟಪ ಬಿತ್ತು. "ಸಂಜೀಕ ಸಾಹೇಬ್ರು ಬರಾಕತ್ತಾರ್ರಿ. ಮೊದಲ ನಿಮಗ ಹೇಳು ಅಂತ ನನ್ನ ಕಳಿಸ್ಯಾರ."

ಅಳುತ್ತಾರೆ, ಕಿರಿಚುತ್ತಾರೆ, ಓಣಿಯ ಜನ ಓಡಿ ಬರುತ್ತಾರೆ ಎಂದು ಅವನು ಕಾದ. ಏನೂ ಆಗಲಿಲ್ಲ. ಸರಸ್ವತಿಬಾಯಿ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತರು. ಬೆರಳಿಗೆ ಅನ್ನದ ಅಗುಳು ಅಂಟಿ ಒಣಗಿದ್ದವು. ಒಂದು ಅಗುಳನ್ನು ಉಗುರಿನಿಂದ ಬಿಡಿಸುತ್ತ ಬೇರೆ ಯಾರದೋ ದನಿಯಲ್ಲಿ ಕೇಳಿದರು.

"ನಿನ್ನ ಮಗಳಿಗೆ ಕೂದಲಾ ಬಂದಾವೇನು?"

"ಬಂದಾವ್ರಿ." ಅಷ್ಟು ಹೇಳಲು ಅವನಿಗೆ ಜೀವ ಹೋಗಿ ಬಂದಂತಾಯಿತು. "ಕಿವಿತನಕ ಬಂದಾವ್ರಿ, ಆಯಿ."

"ಹೂಂ" ಎಂದರು ಅವರು. ಕ್ಷಮಿಸಿದೆ ಎನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ.

ಬಾಗಿಲಲ್ಲಿ ನೆರಳಾಡಿತು. ಮುದಿದನಿಯೊಂದು ರಾಗವಾಗಿ ಕೂಗಿತು: "ಓಂ ಭವತಿ ಭಿಕ್ಷಾಂ ದೇಹಿ."

ಕೂಗು ಕಿವಿಗೆ ಬಿದ್ದದ್ದೇ ತಡ, ಸರಸ್ವತಿಬಾಯಿ ಮೊಣಕಾಲಿಗೆ ಕೈಯೂರಿ ಎದ್ದರು. ಅನ್ನದ ಬೋಗುಣಿಯ ಹತ್ತಿರ ಹೋಗಿ ಸೌಟು ತುಂಬಿಕೊಂಡರು, ಹೊಸ್ತಿಲ ಕಡೆ ನಾಲ್ಕು ಹೆಜ್ಜೆ ಹಾಕಿದರು. ಅಲ್ಲಿಗೆ ನಿಂತರು. ಹೊರಗಿನವನು ಮತ್ತೊಮ್ಮೆ ಕೂಗಿದ. ಸಂಜು ಅವರ ಬೆನ್ನನ್ನು ನೋಡುತ್ತಿದ್ದ.

"ಮುಂದಿನ ಮನಿಗೆ ಹೋಗ್ರಿ, ಮಹಾರಾಜ" ಎಂದರು ಸರಸ್ವತಿಬಾಯಿ. "ನಮಗ ಸೂತಕ ಅದ."

ಎದುರು ಕಟ್ಟೆಯ ಮುದುಕಿ "ಅಯ್ಯೋ ನಮ್ಮವ್ವಾ" ಎಂದದ್ದು ಕೇಳಿಸಿತು. ಬಾಗಿಲಿನ ನೆರಳು ಸರಿದು, ಕೋಲಿನ ಸದ್ದು ಪಕ್ಕದ ಮನೆಯ ಕಡೆಗೆ ಹೋಯಿತು. ಸರಸ್ವತಿಬಾಯಿ ತಿರುಗಿ ಬಂದು ಸೌಟಿನ ಅನ್ನವನ್ನು ಬೋಗುಣಿಗೆ ಸುರಿದರು. ಅದರಿಂದ ಇನ್ನೂ ಹಬೆ ಏಳುತ್ತಿತ್ತು. ಅದರ ಮೇಲೆ ಒಂದು ತಾಟು ಮುಚ್ಚಿದರು.