ಒಂದು ಗೇಣು ಮೇಲಿಂದ

ಬಾಯಿಗೆ ಬಂದಂತೆ ಹೊಗಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆದರೂ ‘ನಮ್ಮ ಒಲೆ ನಮ್ಮ ರುಚಿ’ ಎಂಬ ವಾಟ್ಸಾಪ್ ಗ್ರೂಪಿನಲ್ಲಿ ಎರಡು ವರ್ಷ ಇದ್ದೆ. ಏಳುನೂರು ಜನ. ಬೆಳಗಾದರೆ ಒಬ್ಬರ ಉಪ್ಪಿಟ್ಟಿಗೆ ಇನ್ನೊಬ್ಬರು ‘ಅಮೃತ’ ಎನ್ನುತ್ತಿದ್ದರು, ಮಧ್ಯಾಹ್ನ ಆ ಇನ್ನೊಬ್ಬರ ಪಲ್ಯಕ್ಕೆ ಇವರು ‘ಸಾಕ್ಷಾತ್ ಅನ್ನಪೂರ್ಣೆ’ ಎಂದು ಋಣ ತೀರಿಸಿಕೊಳ್ಳುತ್ತಿದ್ದರು. ಮೊಳಕಾಲ್ಮೂರಿನ ಮನೆಯಲ್ಲಿ ಹೊತ್ತು ಮುಳುಗುವ ತನಕ ಮಗ್ಗದ ಮುಂದೆ ಕೂರುವ ನನಗೆ ಇದೆಲ್ಲ ಯಾಕೆ ಬೇಕಿತ್ತು? ಚಿಕ್ಕಕ್ಕನಿಗಾಗಿ ಇದ್ದೆ.

ಚಿಕ್ಕಕ್ಕ ನಮ್ಮ ಕಡೆಯ ಸಿದ್ದಾಪುರದವಳು. ಅವಳ ಹೆಸರೇ ಚಿಕ್ಕಕ್ಕ, ಹಾಗಾಗಿ ಗ್ರೂಪಿನ ಅಜ್ಜಂದಿರೂ ಅವಳನ್ನು ಅಕ್ಕ ಎಂದೇ ಕರೆಯಬೇಕಾಗಿತ್ತು. ಅವಳು ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದಳು. ಹಿಂದೆ ಕುರಿ ಅರಚುತ್ತಿರುತ್ತಿತ್ತು, ನಡುವೆ ಯಾರನ್ನೋ ಗದರಿಸಿ ಮತ್ತೆ ಸಾರಿನ ವಿಷಯಕ್ಕೆ ಬರುತ್ತಿದ್ದಳು. ನಾನು ಗ್ರೂಪು ಸೇರಿದ ಹೊಸತರಲ್ಲೇ ನಮ್ಮ ಅತ್ತೆ ಜ್ವರದಿಂದ ಎದ್ದು, ಅನ್ನ ಕಂಡರೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಗ್ರೂಪಿನಲ್ಲಿ ಹೇಳಿಕೊಂಡೆ. ಏಳುನೂರು ಜನರಲ್ಲಿ ಇನ್ನೂರು ಜನ ಕೈಮುಗಿಯುವ ಚಿತ್ರ ಕಳಿಸಿದರು. ಚಿಕ್ಕಕ್ಕ ಒಬ್ಬಳು ಫೋನ್ ಮಾಡಿದಳು.

“ಹುರುಳಿ ಬೇಸಿ ಕಟ್ಟು ಬಸಿಯಕ್ಕ. ಬೆಳ್ಳುಳ್ಳಿ ಸುಟ್ಟು ಹಾಕು, ಒಗ್ಗರಣಿ ಕಡೀಗೆ. ನಾನು ಫೋನ್ ಇಡಲ್ಲ, ನೀನು ಮಾಡ್ತಾ ಹೋಗು,” ಎಂದು ಮುಕ್ಕಾಲು ಗಂಟೆ ನನ್ನ ಜೊತೆ ಇದ್ದಳು.

ಅತ್ತೆ ಆ ಸಾರು ಬಾಯಿಗಿಟ್ಟು, “ಇಂಕಾ ಕೊಂಚೆಂ ಪೊಯ್ಯಮ್ಮಾ,” ಎಂದು ಮನೆಮಾತಿನ ತೆಲುಗಿನಲ್ಲಿ ಇನ್ನಷ್ಟು ಕೇಳಿ ಬಟ್ಟಲು ಚಾಚಿದರು. ಅಂದಿನಿಂದ ನಮ್ಮ ಮನೆಯಲ್ಲಿ ವಾರಕ್ಕೆರಡು ದಿನ ಅದೇ ಸಾರು. ಎಂಟು ದಿನಕ್ಕೊಮ್ಮೆಯಾದರೂ ನಾವಿಬ್ಬರು ಮಾತಾಡದೆ ಇರುತ್ತಿರಲಿಲ್ಲ. ನನಗೆ ಅಕ್ಕತಂಗಿಯರಿಲ್ಲ. ಮಗ್ಗದ ಸದ್ದಿನ ನಡುವೆ ನನಗೆಂದು ಫೋನ್ ಮಾಡುವ ಹೆಂಗಸು ಅವಳೊಬ್ಬಳೇ. ಅವಳ ಮುಖ ಮಾತ್ರ ನೋಡಿರಲಿಲ್ಲ.

ಗ್ರೂಪಿನ ಯಜಮಾನಿ ಸ್ವಪ್ನ, ಸುತ್ತಮುತ್ತಲ ತಾಲ್ಲೂಕಿನ ಸದಸ್ಯರೆಲ್ಲ ಒಂದು ಭಾನುವಾರ ಚಳ್ಳಕೆರೆಯಲ್ಲಿ ಸೇರೋಣ, ಮನೆಗೊಂದು ಅಡುಗೆ ತರೋಣ ಎಂದಾಗ ನಾನು ಕುಣಿದಾಡಿದೆ. ಮಗ್ಗಕ್ಕೆ ಏರಿಸಿದ ಹಾಸು ಮುಗಿಯುವಾಗ ಉಳಿದ ರೇಷ್ಮೆಯಲ್ಲಿ ಚಿಕ್ಕಕ್ಕನಿಗೆಂದೇ ಒಂದು ಕುಪ್ಪಸದ ಕಣ ನೇಯ್ದೆ. ನೇರಳೆ ಬಣ್ಣ, ಹಸಿರು ಅಂಚು. ಹೆಣ್ಣುಮಗಳಿಗೆ ಕಣ ಕೊಡುವಾಗ ಹಣೆಗೆ ಹಚ್ಚಲು ಕುಂಕುಮದ ಭರಣಿಯನ್ನೂ ಬ್ಯಾಗಿಗೆ ಹಾಕಿಕೊಂಡೆ. ಹೊರಡುವಾಗ ಅತ್ತೆ, “ಆ ಸಾರಿನೋಳನ್ನ ನಾನು ಕೇಳಿದೆ ಅಂತ ಹೇಳು,” ಎಂದರು.

ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಅರವತ್ತು ಜನ ಸೇರಿದ್ದರು. ಫೋನಿನಲ್ಲಿ ಕಂಡ ಮುಖ ಒಂದೂ ಅಲ್ಲಿರಲಿಲ್ಲ. ನಿವೃತ್ತ ಹೆಡ್ಮಾಸ್ಟರ್ ಚಂದ್ರಣ್ಣನವರು, ದಿನಾ ಬೆಳಿಗ್ಗೆ ‘ಹಂಚಿ ಉಣ್ಣುವುದೇ ಧರ್ಮ’ ಎಂದು ಹೂವಿನ ಚಿತ್ರದ ಜೊತೆ ಕಳಿಸುವವರು, ಇಪ್ಪತ್ತು ವರ್ಷ ಹಳೆಯ ಫೋಟೋ ಹಾಕಿಕೊಂಡಿದ್ದರೆಂದು ಆಗಲೇ ತಿಳಿದದ್ದು. ಬೆವರಿದ ಅಂಗೈಯಲ್ಲಿ ನನ್ನ ಕೈ ಹಿಡಿದು ಬಿಡಲೊಲ್ಲರು. ಸ್ವಪ್ನ ಪ್ರತಿ ಪಾತ್ರೆಯ ಮುಚ್ಚಳ ತೆಗೆಸಿ ಫೋಟೋ ಹೊಡೆಯುತ್ತಿದ್ದಳು. ಅವಳ ಫೋಟೋ ಮುಗಿಯುವ ತನಕ ಯಾರೂ ಏನನ್ನೂ ಮುಟ್ಟುವಂತಿಲ್ಲ.

ಚಂದ್ರಣ್ಣನವರಿಗೆ ತಡೆಯಲಾಗಲಿಲ್ಲ. ಗಸಗಸೆ ಪಾಯಸದ ಪಾತ್ರೆಗೆ ಸೌಟು ಅದ್ದಿ, ಸೌಟಿಗೇ ಬಾಯಿ ಹಚ್ಚಿ ಸೊರ್ರೆಂದು ಹೀರಿ, “ಏಲಕ್ಕಿ ಕಮ್ಮಿ ಆಗೈತೆ ಕಣಮ್ಮಾ,” ಎಂದು ಅದೇ ಸೌಟನ್ನು ಮತ್ತೆ ಪಾಯಸಕ್ಕೆ ಇಳಿಬಿಟ್ಟರು. ಮೀಸೆಯಿಂದ ಒಂದು ಹನಿಯೂ ಒಳಗೆ ಬಿತ್ತು. ನಾನು ಹೇಸಿ ಮುಖ ತಿರುಗಿಸಿದೆ. ಸುತ್ತ ಇದ್ದವರೆಲ್ಲ “ಮೇಷ್ಟ್ರೇ, ನೀವೊಬ್ರು!” ಎಂದು ನಕ್ಕರು.

ಅಷ್ಟರಲ್ಲಿ ಹಿಂದಿನಿಂದ, “ಪುಷ್ಪಕ್ಕ ಯಾರು ಇದರಾಗೆ?” ಎಂಬ ದನಿ ಕೇಳಿತು. ನನ್ನನ್ನೇ ಹುಡುಕುತ್ತಿದ್ದಳು. ತಿರುಗಿ ನೋಡಬೇಕಾಗಿರಲಿಲ್ಲ, ಅದು ಚಿಕ್ಕಕ್ಕನೇ. ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ಕಪ್ಪಗೆ, ಎತ್ತರಕ್ಕೆ, ಕಂಕುಳಲ್ಲಿ ಬಿಳೀ ಬಟ್ಟೆಯಲ್ಲಿ ಕಟ್ಟಿದ ದೊಡ್ಡ ಬುತ್ತಿ. ತಬ್ಬಿಕೊಂಡೆವು. ಅವಳ ಸೀರೆ ಒಲೆಯ ಹೊಗೆ, ಸುಟ್ಟ ಎಳ್ಳು ನಾರುತ್ತಿತ್ತು, ನನಗೆ ಹಿತವಾಗಿತ್ತು.

“ನಾಕಕ್ಕೆ ಎದ್ದು ಬಡಿದೀನಕ್ಕ, ಮೂವತ್ತು ಸಜ್ಜಿ ರೊಟ್ಟಿ. ಹುಚ್ಚೆಳ್ಳು ಚಟ್ನಿ. ನೀನು ಮೊದಲು ತಿನ್ನಬೇಕು, ಆಮೇಲೆ ಉಳಿದೋರು.”

“ನಾನೇ ಮೊದಲು,” ಎಂದೆ. ಆ ಮಾತು ನನ್ನದೇ.

ರೊಟ್ಟಿಗಳನ್ನು ಮೇಜಿನ ಮೇಲೆ ಜೋಡಿಸಿದಳು. ತೆಳ್ಳಗೆ, ಎಳ್ಳು ಹಚ್ಚಿ, ಒಂದರ ಅಳತೆಗೆ ಇನ್ನೊಂದು. ಸ್ವಪ್ನ ಕುಣಿಯುತ್ತಾ ಬಂದು ಎಂಟು ಫೋಟೋ ಹೊಡೆದಳು. “ನಮ್ಮ ಗ್ರೂಪಿನ ಪ್ರಾಣ ನೀವೇ ಚಿಕ್ಕಕ್ಕ!” ಎಂದು ಭುಜ ತಟ್ಟಿದಳು. ಚಂದ್ರಣ್ಣನವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ನಮ್ಮ ಕಡೆ ಗೊತ್ತಿಲ್ಲದವರನ್ನು ಹೇಗೆ ತೂಗುತ್ತಾರೋ ಹಾಗೆ ಶುರು ಮಾಡಿದರು.

“ಮನೆದೇವ್ರು ಯಾವುದಮ್ಮಾ ನಿಮ್ದು?”

“ಮಾರಮ್ಮ, ಮೇಷ್ಟ್ರೇ.”

“ಮಾರಮ್ಮ ಎಲ್ಲರಿಗೂ ಬೇಕಲ್ಲಮ್ಮ. ಅದಲ್ಲ ನಾನು ಕೇಳಿದ್ದು. ಸಿದ್ದಾಪುರದಾಗೆ ನಮ್ಮ ಬೀಗರು ಅದಾರೆ. ನೀವು ಊರೊಳಗೆ ಯಾವ ಕಡೆ?”

“ಟ್ಯಾಂಕಿನ ಕಡೀಗೆ,” ಎಂದು ಚಿಕ್ಕಕ್ಕ ಚಟ್ನಿಯ ಡಬ್ಬಿ ತೆರೆದಳು.

ಅವರು ಮತ್ತೆ ಹೇಗೆ ಕೇಳುವುದೆಂದು ಗಂಟಲು ಸರಿಮಾಡಿಕೊಂಡರು. ಆಗ ನಾನು ಬಾಯಿ ಹಾಕಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

“ಚಿಕ್ಕಕ್ಕ, ನಿನ್ನ ಪೂರ್ತಿ ಅಡ್ರೆಸ್ ಹೇಳು, ಬರ್ಕೊಂತೀನಿ. ಹಬ್ಬಕ್ಕೆ ಸೀರೆ ಕಳಿಸ್ತೀನಿ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ಬರ್ಕ. ಎ.ಕೆ. ಕಾಲೋನಿ. ನೀರಿನ ಟ್ಯಾಂಕ್ ಪಕ್ಕ,” ಎಂದಳು.

ಆದಿ ಕರ್ನಾಟಕದವರ ಎ.ಕೆ. ಕಾಲೋನಿ ಎಂದ ಮೇಲೆ ಯಾವ ಊರಿನಲ್ಲೂ ಮತ್ತೆ ಜಾತಿ ಕೇಳುವುದು ಉಳಿಯುವುದಿಲ್ಲ. ಚಂದ್ರಣ್ಣನವರು “ಓ, ಹಂಗೆ,” ಎಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಸ್ವಪ್ನ ಭುಜ ತಟ್ಟಿದ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಬೇಕೆಂದು ಒರೆಸಿದಳೋ, ರೂಢಿಗೆ ಒರೆಸಿದಳೋ, ನಾನಂತೂ ಕಂಡೆ.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ಸೀರೆ ಕಳಿಸುವ ಯೋಚನೆ ನನಗೆ ಇರಲೇ ಇಲ್ಲ. ಆ ಮುದುಕ ಕೇಳಲಾರದೆ ತಡವರಿಸುತ್ತಿದ್ದುದನ್ನು ನಾನೂ ತಿಳಿಯಬೇಕಿತ್ತು. ಎರಡು ವರ್ಷ ಫೋನಿನಲ್ಲಿ ಅದನ್ನು ಕೇಳದೆ ಇದ್ದೆನಲ್ಲ ಎಂಬ ಹೆಮ್ಮೆ ಬೇರೆ ನನಗಿತ್ತು.

ಊಟ ಶುರುವಾಯಿತು. ಆ ಪಾಯಸಕ್ಕೆ ನೂಕುನುಗ್ಗಲು. ಚಂದ್ರಣ್ಣನವರ ಎಂಜಲು ಸೌಟಿನಿಂದಲೇ ಬಡಿಸಿಕೊಂಡು, ತಳ ಕೆರೆದು, ಬೆರಳು ನೆಕ್ಕಿದರು. ನನ್ನ ಲೋಟಕ್ಕೂ ಯಾರೋ ಸುರಿದರು, ಕುಡಿದೆ. ರೊಟ್ಟಿಯ ಮೇಜಿನ ಹತ್ತಿರ ಮಾತ್ರ ಜನ ಹೊಳೆ ಬಂಡೆಯನ್ನು ಸುತ್ತಿ ಹೋಗುವಂತೆ ಸುತ್ತಿ ಹೋಗುತ್ತಿದ್ದರು. ಒಬ್ಬಳಿಗೆ ಡಯಟ್ಟು, ಇನ್ನೊಬ್ಬಳಿಗೆ ಸಜ್ಜೆ ಉಷ್ಣ, ಚಂದ್ರಣ್ಣನವರಿಗೆ ಹಲ್ಲುನೋವು. ಅದೇ ಹಲ್ಲಿನಲ್ಲಿ ಅವರು ಚಕ್ಕುಲಿ ಕಟಕಟ ಕಡಿಯುತ್ತಿದ್ದರು. ಮೊದಲೇ ಫೋಟೋಗೆಂದು ತಟ್ಟೆಗೆ ಹಾಕಿಸಿಕೊಂಡಿದ್ದ ನಾಲ್ಕೈದು ಜನ ಕೈತೊಳೆಯುವ ನೆಪದಲ್ಲಿ ಎದ್ದರು. ಕೊಳಾಯಿಯ ಕೆಳಗಿನ ನೀಲಿ ಬಕೆಟ್ಟಿನಲ್ಲಿ, ಉಗಿದ ನೀರು, ನಿಂಬೆ ಸಿಪ್ಪೆಗಳ ನಡುವೆ ಆ ರೊಟ್ಟಿಗಳು ಮುರಿಯದೆ ಬಿದ್ದಿದ್ದವು. ಥೂ, ಎಂಥ ಜನ!

ಚಿಕ್ಕಕ್ಕ ಮೇಜಿನ ಹಿಂದೆ ನಿಂತೇ ಇದ್ದಳು. ಕೈಯಲ್ಲಿ ಒಂದು ರೊಟ್ಟಿ, ಅದರ ಮೇಲೆ ಚಟ್ನಿ. ನನ್ನ ಕಡೆ ಚಾಚಿದಳು.

“ಮೊದಲು ನೀನು ಅಂದಿದ್ದೆ.”

ಆ ಸಾರು ನನ್ನ ಒಲೆಯ ಮೇಲೆ ಎರಡು ವರ್ಷ ಕುದಿದಿದೆ. ಹೇಳಿಕೊಟ್ಟವಳು ಅವಳು, ಕುದಿಸಿದ ಕೈ ನನ್ನದು. ಈಗ ರೊಟ್ಟಿ ಅವಳ ಕೈಯಿಂದಲೇ ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಬೇಡ ಎಂದು ನನ್ನ ತಲೆ ಹೇಳಲಿಲ್ಲ. ನಮ್ಮವ್ವ, ನಮ್ಮಜ್ಜಿ ಯಾವತ್ತೋ ನನ್ನೊಳಗೆ ಕೂರಿಸಿದ್ದು ಎದ್ದು ಕೈ ಹಿಡಿದುಕೊಂಡಿತು. ಹಾಗೆ ಹೇಳಿ ಅವರ ಮೇಲೆ ಹಾಕುವುದೂ ಸುಲಭವೇ.

“ಹೊಟ್ಟೆ ತುಂಬೈತೆ ಚಿಕ್ಕಕ್ಕ,” ಎಂದೆ. “ಎರಡು ಕಟ್ಟಿಕೊಡು, ಅತ್ತೆಗೆ ಒಯ್ತೀನಿ.”

ಅವಳು ಕಾಗದದಲ್ಲಿ ಎರಡು ರೊಟ್ಟಿ ಸುತ್ತಿ ಮೇಜಿನ ಮೇಲಿಟ್ಟಳು. ನಾನು ಎತ್ತಿಕೊಂಡೆ. ನೋಡಿ, ಉಳಿದವರಂತೆ ನಾನು ಬಕೆಟ್ಟಿಗೆ ಹಾಕಲಿಲ್ಲ ಎಂದು ಆಗಲೇ ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಆ ಧೈರ್ಯದಲ್ಲೇ ಕಣ ತೆಗೆದೆ.

ಅವಳ ಮುಖ ಅರಳಿತು. ಕಣ ಇಸಿದುಕೊಳ್ಳುವ ಪದ್ಧತಿಯಂತೆ ಎರಡೂ ಕೈಯಲ್ಲಿ ಸೆರಗೊಡ್ಡಿ, ಕುಂಕುಮಕ್ಕೆಂದು ಹಣೆಯನ್ನು ತುಸು ಮುಂದೆ ಮಾಡಿ ನಿಂತಳು. ಭರಣಿ ಬ್ಯಾಗಿನಲ್ಲೇ ಉಳಿಯಿತು. ನನ್ನ ಕೈ ಅವಳ ಸೆರಗಿನ ಹತ್ತಿರ ಹೋಗಿ, ಒಂದು ಗೇಣು ಮೇಲೆ ನಿಂತುಬಿಟ್ಟಿತು. ಅಲ್ಲಿಂದಲೇ ಕಣ ಬಿಟ್ಟೆ.

“ಸರಿಯಾಗಿ ಹಿಡ್ಕ, ಕೆಳಗೆ ಬಿದ್ದೀತು,” ಎಂದೆ.

ಹಿಡಿದುಕೊಂಡಳು. ಮುಂದೆ ಮಾಡಿದ್ದ ಹಣೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ನನ್ನ ಗ್ರಹಚಾರಕ್ಕೆ ಇಬ್ಬರದೂ ಒಂದೇ ಬಸ್ಸು. ಮೊಳಕಾಲ್ಮೂರಿನಲ್ಲಿ ಇಳಿದು ಅವಳು ಸಿದ್ದಾಪುರದ ಬಸ್ಸು ಹಿಡಿಯಬೇಕು. ಪಕ್ಕದಲ್ಲೇ ಕೂತೆವು. ಅವಳ ತೊಡೆಯ ಮೇಲೆ ಆ ಬುತ್ತಿ, ಹೆಚ್ಚುಕಡಿಮೆ ತಂದಾಗಿದ್ದಷ್ಟೇ ಭಾರ. ನಮ್ಮಿಬ್ಬರ ನಡುವೆ ನನ್ನ ಬ್ಯಾಗು. ಅದನ್ನು ಅಲ್ಲಿಟ್ಟವಳೂ ನಾನೇ. ತಳಕು ದಾಟುವ ತನಕ ಅವಳು ಕಿಟಕಿಯಾಚೆ ನೋಡುತ್ತಿದ್ದಳು, ನಾನು ಬಿಸಿಲು ಎಂದೆ, ಅವಳು ಹ್ಞೂಂ ಎಂದಳು.

ಫೋನು ಸದ್ದು ಮಾಡಿತು. ಸ್ವಪ್ನ ಗ್ರೂಪಿಗೆ ಫೋಟೋ ಹಾಕಿದ್ದಳು. ಎಲ್ಲಕ್ಕಿಂತ ಮೇಲೆ ಚಿಕ್ಕಕ್ಕನ ರೊಟ್ಟಿ. ಕೆಳಗೆ ಚಂದ್ರಣ್ಣನವರು ಬರೆದಿದ್ದರು: ‘ಇಂದು ಸವಿದೆ. ನಮ್ಮ ತಾಯಿಯ ಕೈರುಚಿ ನೆನಪಾಗಿ ಕಣ್ಣೀರು ಬಂತು.’ ಬಕೆಟ್ಟಿಗೆ ಹಾಕಿದವಳೊಬ್ಬಳು ‘ಬಾಯಲ್ಲಿಟ್ಟರೆ ಕರಗುತ್ತೆ’ ಎಂದಿದ್ದಳು. ಮನಸ್ಸಿನಲ್ಲೇ ಅವರ ವಂಶವನ್ನೆಲ್ಲ ಬೈಯುತ್ತಾ, ಎರಡು ವರ್ಷದ ಅಭ್ಯಾಸಕ್ಕೆ ನನ್ನ ಹೆಬ್ಬೆರಳು ಹೋಗಿ ಆ ರೊಟ್ಟಿಯ ಫೋಟೋದ ಕೆಳಗೆ ಒಂದು ಕೆಂಪು ಹೃದಯ ಕಳಿಸಿಬಿಟ್ಟಿತು.

ಪಕ್ಕದಲ್ಲಿ ಅವಳ ಫೋನು ಟಿಣ್ಣೆಂದಿತು. ತೆಗೆದು ನೋಡಿದಳು. ನನ್ನ ಹೆಸರು ಪರದೆಯ ಮೇಲಿತ್ತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕಿಟಕಿಯಾಚೆ ನೋಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕಲ್ಲುಬೆಂಚಿನ ಮೇಲೆ ಕೂತೆವು.

“ಪುಷ್ಪಕ್ಕ, ರೊಟ್ಟಿ ಕೊಡು,” ಎಂದಳು.

“ಅತ್ತೆಗೆ ಅಂತ…”

“ನಿಮ್ಮತ್ತೆ ತನಕ ಅದು ಹೋಗಲ್ಲ. ಆ ತಿರುವಿನ ತಿಪ್ಪೆ ದಾಟಲ್ಲ. ನಾಕಕ್ಕೆ ಎದ್ದು ಬಡಿದಿದ್ದು ಕಣಕ್ಕ, ಕೊಡು.”

ಎಲ್ಲಿ ಎಸೆಯಬೇಕೆಂದು ಬಸ್ಸಿನಲ್ಲೇ ನಾನು ಲೆಕ್ಕ ಹಾಕಿಟ್ಟದ್ದು ಅದೇ ತಿರುವು. ಕೊಟ್ಟೆ. ಅವಳು ಕಾಗದ ಬಿಚ್ಚಿ ನನ್ನೆದುರಿಗೇ ತಿಂದಳು. ಅವಸರ ಮಾಡಲಿಲ್ಲ. ಅವಳಿಗೆ ಹಸಿವಾಗಿತ್ತು, ಬೆಳಗಿನಿಂದ ಅಲ್ಲಿ ಯಾರೂ ಅವಳಿಗೆ ಉಂಡೆಯಾ ಎಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಎರಡನೇ ರೊಟ್ಟಿ ಮುಗಿಯುವ ಹೊತ್ತಿಗೆ ಸಿದ್ದಾಪುರದ ಬಸ್ಸು ಬಂದು ನಿಂತಿತು.

ಎದ್ದಳು. ಬುತ್ತಿಯೊಳಗಿಂದ ಕಣ ತೆಗೆದಳು. ನಾನು ಕೂತೇ ಇದ್ದೆ, ನನ್ನ ಸೆರಗು ಮಡಿಲಲ್ಲಿ ಹರಡಿತ್ತು. ಅವಳ ಕೈ ಹತ್ತಿರ ಬಂದು, ಒಂದು ಗೇಣು ಮೇಲೆ ನಿಂತಿತು.

“ಸರಿಯಾಗಿ ಹಿಡ್ಕ ಪುಷ್ಪಕ್ಕ, ಕೆಳಗೆ ಬಿದ್ದೀತು,” ಎಂದು ಬಿಟ್ಟಳು.

ಬಸ್ಸು ಹತ್ತಿ, ಹಿಂದೆ ತಿರುಗದೆ, ಕಿಟಕಿಯ ಪಕ್ಕ ಕೂತು ಬುತ್ತಿಯನ್ನು ತೊಡೆಯ ಮೇಲೇರಿಸಿಕೊಂಡಳು. ಬಸ್ಸು ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಗ್ರೂಪಿನ ಸದಸ್ಯರ ಪಟ್ಟಿ ತೆಗೆದು ನೋಡಿದೆ, ಅವಳು ಹೊರಹೋಗಿದ್ದಳು. ಏಳುನೂರು ಜನರಲ್ಲಿ ಒಬ್ಬರೂ ಯಾಕೆಂದು ಕೇಳಲಿಲ್ಲ.

ಕಣದ ಮಡಿಕೆಯಲ್ಲಿ ಅವಳ ರೊಟ್ಟಿಯ ಎಳ್ಳು ಎರಡು ಅಂಟಿಕೊಂಡಿದ್ದವು. ಕೊಡವಲೆಂದು ನನ್ನ ಕೈ ತಾನಾಗಿ ಮೇಲೆದ್ದಿತು. ಆ ಕೈ ಕಂಡು ಆದಷ್ಟು ಹೇಸಿಗೆ ನನಗೆ ಚಂದ್ರಣ್ಣನ ಮೀಸೆಯ ಹನಿ ಕಂಡಾಗಲೂ ಆಗಿರಲಿಲ್ಲ.