ನಾಲ್ಕು ಪಾಯಿಂಟ್ ಏಳು ಎರಡು

ಯಂತ್ರ, ಎಲೆಕ್ಟ್ರಾನಿಕ್ಸ್ ಎರಡನ್ನೂ ಕೂಡಿಸಿ ಕಲಿಸುವ ಕಾಲೇಜಿನ ಮೆಕಾಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಪುಟ್ಟ ಬೆಲ್ಟಿನ ಯಂತ್ರವಿತ್ತು. ತಗಡಿನ ಡಬ್ಬ ಬಂದರೆ ಸೆನ್ಸರ್ ಗುರುತಿಸಬೇಕು, ಬೆಲ್ಟ್ ನಿಲ್ಲಬೇಕು, ಮೀಟರಿನಲ್ಲಿ ಕಂಡ ವೋಲ್ಟನ್ನು ವಿದ್ಯಾರ್ಥಿಗಳು ರೆಕಾರ್ಡಿನಲ್ಲಿ ಬರೆಯಬೇಕು. ಬರೆಯುತ್ತಲೂ ಇದ್ದರು, ವರ್ಷ ವರ್ಷವೂ 4.72. ಹಿಂದಿನವರ ರೆಕಾರ್ಡ್ ನೋಡಿ ಇಳಿಸುವುದೇ ಇಲ್ಲಿನ ಪದ್ಧತಿ. ಮೀಟರ್ ನೋಡುವ ಪುರುಸೊತ್ತು ಯಾರಿಗಿತ್ತು?

ಈ ವರ್ಷ, ಜಗಳಗಂಟಿ ಎಂದೇ ಹೆಸರಾದ ಎರಡನೇ ಬೆಂಚಿನ ಹುಡುಗಿ ನೋಡಿದಳು.

"ಮೇಡಂ, ಮೀಟರ್ ಸೊನ್ನೆ ತೋರಿಸ್ತಿದೆ. ಡಬ್ಬ ಇಡದಿದ್ರೂ ಬೆಲ್ಟ್ ತಾನಾಗೇ ನಿಲ್ತಿದೆ!"

ಮೇಡಂ ಮುಚ್ಚಳ ಬಿಚ್ಚಿದರು. ಸೆನ್ಸರಿನ ತಂತಿಯನ್ನು ಯಾರೂ ಯಾವತ್ತೂ ಜೋಡಿಸಿರಲೇ ಇಲ್ಲ. ಬೆಲ್ಟ್ ನಿಲ್ಲುತ್ತಿದ್ದದ್ದು ಟೈಮರಿನಿಂದ. ಮೇಡಂಗೆ ಎಂಥ ನಾಚಿಕೆಯಾಯಿತೆಂದರೆ, ಅದರ ಕಾರಣವನ್ನು ಅವತ್ತು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಮರುದಿನದಿಂದ ಪಾಠದ ರೀತಿಯೇ ಬದಲಾಯಿತು. ಬಿಚ್ಚಿ, ಕೆಟ್ಟದ್ದು ಹುಡುಕಿ, ಜೋಡಿಸಿ, ಆಮೇಲೆ ಬರೆಯಿರಿ ಎಂದರು. ಬೆಂಚುಗಳ ಮೇಲೆಲ್ಲ ಸ್ಕ್ರೂ, ತಂತಿ, ವಾದ. ಮೂರು ವಾರ ಲ್ಯಾಬಿನಲ್ಲಿ ಯಾರೂ ಆಕಳಿಸಲಿಲ್ಲ.

ವಿಭಾಗದ ಮುಖ್ಯಸ್ಥರು ಮಾತ್ರ ಬಾಗಿಲಲ್ಲೇ ಹೌಹಾರಿದರು. ಓದದೆ ಸಹಿ ಹಾಕುವುದರಲ್ಲಿ ಎತ್ತಿದ ಕೈ. ವಿದ್ಯಾರ್ಥಿಗಳ ಬಾಯಲ್ಲಿ ಸೀಲ್ ಸಾರ್.

"ಇದೇನ್ರೀ, ಲ್ಯಾಬೋ ಗುಜರಿ ಅಂಗಡಿನೋ? ನಾಳೆ ತಪಾಸಣೆಗೆ ಸಮಿತಿ ಬರುತ್ತೆ. ಎಲ್ಲಾ ಮುಚ್ಚಿ, 4.72 ಅಂತ ಬರೆಸಿ. ಇಲ್ಲಾಂದ್ರೆ ಮುಂದಿನ ವರ್ಷ ನಿಮ್ಮ ನೇಮಕಕ್ಕೆ ನನ್ನ ಸಹಿ ಬೀಳಲ್ಲ."

ಮೇಡಂದು ಪ್ರತಿ ವರ್ಷ ಆ ಸಹಿ ಬಿದ್ದರಷ್ಟೇ ಉಳಿಯುವ ಕೆಲಸ. ಮನೆಗೆ ಬಂದು ಅಮ್ಮನಿಗೆ ಹೇಳಿಕೊಂಡರು. ಅಮ್ಮ ಹೊಲಿಗೆ ಕಲಿಸುವವರು.

"ಬಾಬಿನ್ ಬಿಚ್ಚಿ ಜೋಡಿಸೋಕೆ ಬರದೋರಿಗೆ ನಾನು ಬಟ್ಟೆ ಮುಟ್ಟೋಕೂ ಬಿಡಲ್ಲ ಕಣೆ. ನಿಂಗೇನು ಧಾಡಿ?" ಎಂದು ದಾರ ಕಚ್ಚಿ ಕಡಿದರು.

ಮರುದಿನ ಸಮಿತಿಯ ಹಿರಿಯರೊಬ್ಬರು ಜಗಳಗಂಟಿಯ ರೆಕಾರ್ಡ್ ತೆರೆದರು. ಮೊದಲ ಸಾಲಿನಲ್ಲಿ ಸೊನ್ನೆ, ಕೆಳಗೆ ಸಡಿಲ ತಂತಿಯ ಚಿತ್ರ, ಜೋಡಿಸಿದ ಮೇಲೆ 4.31. ಪಕ್ಕದವನದು 4.28.

"ಒಬ್ಬೊಬ್ಬರದು ಒಂದೊಂದು ಯಾಕೆ?"

ಸೀಲ್ ಸಾರ್ ಅಡ್ಡ ಬಂದರು. "ಈ ಮೇಡಂ ಮಾಡಿದ ಎಡವಟ್ಟು ಸಾರ್ ಇದು. ನಮ್ಮ ಮಾದರಿ ರೆಕಾರ್ಡ್ ನೋಡಿ, ಹತ್ತಕ್ಕೆ ಹತ್ತು!" ಎಂದು ತಮ್ಮ ಕೋಣೆಯಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಪುಸ್ತಕ ಎತ್ತಿ ಹಿಡಿದರು.

ಮೇಡಂ ಅದನ್ನು ದೂರದಿಂದಲೇ ಗುರುತು ಹಿಡಿದರು. ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಸಾಕಾಗಿತ್ತು.

"ಅದು ನಂದೇ ಸಾರ್. ಇಲ್ಲೇ ಓದುವಾಗ ನಾನೇ ಬರೆದದ್ದು. ಮೀಟರ್ ನೋಡಿರಲಿಲ್ಲ, ಹಿಂದಿನವರದ್ದು ಇಳಿಸಿದ್ದೆ."

ಪುಸ್ತಕ ಇಸಿದುಕೊಂಡು ಕೆಂಪು ಪೆನ್ನಿನಿಂದ ಎಲ್ಲರೆದುರು ತಮ್ಮ ಹತ್ತನ್ನು ಹೊಡೆದುಹಾಕಿ ಸೊನ್ನೆ ಬರೆದರು. ಕೆಳಗೆ ಸೀಲ್ ಸಾರ್ ಸಹಿ ಹಾಗೇ ಇತ್ತು. ಪೆನ್ನನ್ನು ಅವರತ್ತ ಚಾಚಿದರು.

"ನಿಮ್ಮ ಸಹಿ ಉಳಿಸಬೇಕೋ ಹೊಡೀಬೇಕೋ, ನೀವೇ ಹೇಳಿ ಸಾರ್."

ಅವರು ಪೆನ್ನು ಮುಟ್ಟಲಿಲ್ಲ. ಮೇಡಂ ಕಾಯಲೂ ಇಲ್ಲ. ಎರಡನೇ ಬೆಂಚಿನತ್ತ ತಿರುಗಿ, "ಬೆಲ್ಟ್ ಬಿಡಮ್ಮ," ಎಂದರು.

ಡಬ್ಬ ಸಾಗಿ ಬಂತು, ಸೆನ್ಸರಿನ ಮುಂದೆ ನಿಂತಿತು. ಹಿರಿಯರು ಕನ್ನಡಕ ಏರಿಸಿಕೊಂಡು ಮೀಟರಿನ ಮೇಲೆ ಬಾಗಿದರು.